ಗಡಿಯಾರದ ಮಗ್ಗುಲಲ್ಲೇ ವಧಾಸ್ಥಾನ

ಪ್ರಾಗ್‌ಗೆ ಹೋಗಿಬಂದವರೆಲ್ಲ ಹೊಗಳುವ, ಹಳೇ ಪೇಟೆ ಚೌಕದ ಪುರಭವನದ ಆ ಗಡಿಯಾರ ನನಗೆ ಅಷ್ಟಾಗಿ ಹಿಡಿಸಲಿಲ್ಲ. 1410ರ ಯಂತ್ರ, ನಿಜ. ಆದರೆ ಯೇಸುವಿನ ಹನ್ನೆರಡು ಶಿಷ್ಯರ (ಅಪೊಸ್ತಲರ) ಬೊಂಬೆಗಳು ಕಿಟಕಿಯಲ್ಲಿ ಹಾದು ಹುಂಜ ಕೂಗುವಷ್ಟರಲ್ಲಿ ನಾನು ಕಂಡದ್ದೆಲ್ಲ ಮುಂದಿನವರು ಎತ್ತಿ ಹಿಡಿದ ಮೊಬೈಲುಗಳೇ. ನಮ್ಮ ವಾಕಿಂಗ್ ಟೂರಿನ ಗೈಡ್, ರಿಟೈರಾದ ಇತಿಹಾಸದ ಟೀಚರಮ್ಮ, ಅತ್ತ ತಿರುಗಿಯೂ ನೋಡಲಿಲ್ಲ. ಆಟ ಮುಗಿದದ್ದೇ ಪುರಭವನದ ಮೂಲೆ ದಾಟಿಸಿ, "ಸ್ವಲ್ಪ ಹಿಂದೆ ಸರೀರಿ, ಅವರ ಮೇಲೆ ನಿಂತಿದ್ದೀರಿ" ಅಂದರು.

ನೆಲದ ಕಪ್ಪು ಕಲ್ಲುಗಳ ನಡುವೆ ಬಿಳಿ ಕಲ್ಲಿನ ಶಿಲುಬೆಗಳು, ಒಟ್ಟು 27. ತಮ್ಮನ್ನಾಳುತ್ತಿದ್ದ ರಾಜಮನೆತನದ ವಿರುದ್ಧ ದಂಗೆಯೆದ್ದು ಬಿಳಿಬೆಟ್ಟದ ಕಾಳಗದಲ್ಲಿ ಸೋತ ಬೊಹೀಮಿಯಾದ (ಈಗಿನ ಚೆಕ್ ನಾಡಿನ) ಮುಂದಾಳುಗಳನ್ನು ಆ ಮನೆತನದ ಹ್ಯಾಬ್ಸ್‌ಬರ್ಗ್ ಚಕ್ರವರ್ತಿ 1621ರ ಜೂನ್ 21ರಂದು ಇಲ್ಲೇ ಕೊಲ್ಲಿಸಿದ. 24 ಮಂದಿಗೆ ಕತ್ತಿ, ಮೂವರಿಗೆ ನೇಣು. ಅವರಲ್ಲೊಬ್ಬರು ವೈದ್ಯ ಯಾನ್ ಯೆಸೆನಿಯಸ್. 1600ರಲ್ಲಿ ಇದೇ ಊರಲ್ಲಿ ಜನರೆದುರು ಹೆಣ ಕೊಯ್ದು ಅಂಗರಚನೆ ವಿವರಿಸಿದವರು, ಆಮೇಲೆ ವಿಶ್ವವಿದ್ಯಾಲಯದ ಮುಖ್ಯಸ್ಥ (ರೆಕ್ಟರ್). ಅವರಿಗೆ ಮೊದಲು ನಾಲಗೆ ಕತ್ತರಿಸಿ, ಆಮೇಲೆ ತಲೆ ಕಡಿದರು. ಸತ್ತವರ ಪೈಕಿ 12 ಮಂದಿಯ ತಲೆಗಳು ಚಾರ್ಲ್ಸ್ ಸೇತುವೆಯ ಗೋಪುರದಲ್ಲಿ ಹತ್ತು ವರ್ಷ ನೇತಾಡಿದವು.

ಚೌಕದ ನಡುವೆ, ಚರ್ಚನ್ನು ಎದುರು ಹಾಕಿಕೊಂಡು 1415ರಲ್ಲಿ ಬೆಂಕಿಗೆ ಬಲಿಯಾದ ಯಾನ್ ಹುಸ್‌ನ ಸ್ಮಾರಕ. ಅದರ ಹತ್ತಿರವೇ ಮೇರಿಮಾತೆಯ ಕಂಬ. ಹ್ಯಾಬ್ಸ್‌ಬರ್ಗರ ಗುರುತು ಅಂತ 1918ರಲ್ಲಿ ಜನ ಕೆಡವಿದ್ದನ್ನು 2020ರಲ್ಲಿ ಮತ್ತೆ ನಿಲ್ಲಿಸಿದ್ದಾರೆ. "ಇದು ಬೇಕಿತ್ತಾ ಮೇಡಂ?" ಅಂದೆ. ಟೂರ್ ಅಲ್ಲೇ ನಿಂತುಬಿಟ್ಟಿತು.

"ನನ್ನ ಕೇಳಿದರೆ ಬೇಡ. ಆದರೆ ನಮ್ಮಕ್ಕ ಇದಕ್ಕೆ ದುಡ್ಡು ಕೊಟ್ಟಿದ್ದಾಳೆ."

"ಅವರೇನಂತಾರೆ?"

"1648ರಲ್ಲಿ ಸ್ವೀಡನ್ ಸೈನ್ಯದಿಂದ ಊರು ಉಳಿಯಿತಲ್ಲ, ಆ ಋಣಕ್ಕೆ ನಿಲ್ಲಿಸಿದ ಕಂಬ, ಕೆಡವಿದ್ದು ಪುಂಡಾಟ ಅಂತಾಳೆ. ಅದೂ ಸುಳ್ಳಲ್ಲ. ಆದರೆ ನಿಲ್ಲಿಸಿದ್ದು ಯಾರು? ಈ 27 ಜನರನ್ನು ಕೊಲ್ಲಿಸಿದ ಮನೆತನವೇ. ಕ್ರಿಸ್‌ಮಸ್ ಊಟದಲ್ಲಿ ಈ ಸುದ್ದಿ ಎತ್ತಕೂಡದು ಅಂತ ನಮ್ಮಮ್ಮನ ಕಟ್ಟಪ್ಪಣೆ."

ಗುಂಪಿನ ಇಬ್ಬರು ಕೈಗಡಿಯಾರ ನೋಡಿಕೊಂಡು ಮೆಲ್ಲಗೆ ಜಾಗ ಖಾಲಿ ಮಾಡಿದರು. ನನಗಂತೂ ಪ್ರಾಗ್‌ನ ಎಲ್ಲ ಗೋಪುರಗಳಿಗಿಂತ ಈ ಅಕ್ಕತಂಗಿಯರ ಜಗಳವೇ ಹೆಚ್ಚು ರುಚಿಸಿತು. ಸೇತುವೆ, ಅರಮನೆ ಎಲ್ಲ ಆಮೇಲೆ ನೋಡಿದ್ದಾಯಿತು. ಚೆನ್ನಾಗಿವೆ, ವಿಪರೀತ ರಶ್ಶು. ಬೀದಿಬೀದಿಯಲ್ಲಿ ಸಾಂಪ್ರದಾಯಿಕ ಅಂತ ಮಾರುವ ಟ್ರಡೆಲ್ನಿಕ್ ಎಂಬ ಸಿಹಿ ಸುರುಳಿಯ ಹೆಸರನ್ನೇ ಚಿಕ್ಕಂದಿನಲ್ಲಿ ಕೇಳಿರಲಿಲ್ಲವಂತೆ ಟೀಚರಮ್ಮ. ಬರೀ ಸಕ್ಕರೆ.

ಒಂದು ಮಾತು, ಇನ್ನೂ ಹೊಟ್ಟೆ ಉರಿಯುತ್ತಿರುವುದರಿಂದ. ಚೌಕದ ಹತ್ತಿರ ಹಣ ಬದಲಿಸುವ ಅಂಗಡಿಯೊಂದರಲ್ಲಿ "ಕಮಿಷನ್ ಇಲ್ಲ" ಅಂತ ದಪ್ಪಕ್ಷರದ ಬೋರ್ಡು. ಕೈಗೆ ಬಂದ ಕೊರುನಾ (ಅಲ್ಲಿನ ನಾಣ್ಯ) ಮಾತ್ರ ಬರಬೇಕಾದ್ದಕ್ಕಿಂತ ಎಷ್ಟೋ ಕಡಿಮೆ. ರಸೀದಿ ನೋಡಿ ಟೀಚರಮ್ಮನೇ ಹೇಳಿದರು: ಸಾವಿರ ಯೂರೋವರೆಗಿನ ವಹಿವಾಟನ್ನು ಮೂರು ಗಂಟೆಯೊಳಗೆ ರದ್ದು ಮಾಡಿಸಬಹುದು, 2019ರಿಂದ ಕಾನೂನಿದೆ. ವಾಪಸ್ ಹೋಗಿ ಕೇಳಿದಾಗ ಆ ಹುಡುಗ ಮುಖ ಸಿಂಡರಿಸಿಕೊಂಡೇ ನೋಟು ಎಣಿಸಿ ಕೊಟ್ಟ. ರಸೀದಿ ಎಸೆಯಬೇಡಿ.