ಮಂಡಿ ಆಪರೇಷನ್ನಿಗೆ ಮುಂಚಿನ ಪ್ರಶ್ನೆಗಳು

12 ನವೆಂಬರ್ 2024, ಮಂಗಳವಾರ
ಬೆಂಗಳೂರು

ಹನುಮಂತನಗರದ ಅಮ್ಮನ ಫಾರ್ಮ್ ಇವತ್ತು ನೂರಕ್ಕೆ ನೂರು ಬಂತು. ಮಂಡಿ ಬದಲಿಸುವ ಆಪರೇಷನ್ನಿಗೆ ಮುಂಚೆ, ಆಮೇಲೆ ಏನೇನು ಎಷ್ಟು ಸರಿಹೋಗುತ್ತೆ ಅಂದುಕೊಂಡಿದ್ದೀರಿ ಅಂತ ಕೇಳಿ ತುಂಬಿಸುವ 19 ಪ್ರಶ್ನೆಗಳ ಫಾರ್ಮ್. ಪ್ರತಿ ಸಾಲಿನಲ್ಲೂ ‘ಪೂರ್ತಿ ಮೊದಲಿನ ಹಾಗೆ ಆಗುತ್ತೆ’ ಅನ್ನುವುದಕ್ಕೇ ಟಿಕ್. ಸಂಬಳದ ಕೆಲಸಕ್ಕೆ ಹೋಗುವುದಕ್ಕೂ ಟಿಕ್, ಆಟೋಟಕ್ಕೂ ಟಿಕ್. ಉತ್ತರ ಹೇಳಿದ್ದೆಲ್ಲ ಪಕ್ಕದಲ್ಲಿ ನಿಂತಿದ್ದ ಮಗ. ಅಮ್ಮ ಬ್ಯಾಗ್ ಹಿಡಿದುಕೊಂಡು ಸುಮ್ಮನೆ ಕೂತಿದ್ದರು.

ಫಿಸಿಯೊ ಹುಡುಗಿ ಜಾಣೆ. ಮಗನನ್ನು ಎಕ್ಸ್‌ರೇ ತರೋಕೆ ಕೆಳಗೆ ಕಳಿಸಿ, ಕುರ್ಚಿ ಹತ್ತಿರ ಎಳೆದುಕೊಂಡು ಕೂತಳು.

‘ಅಮ್ಮ, ಆಪರೇಷನ್ ಆದ್ಮೇಲೆ ಯಾವುದು ಆಗ್ಲೇಬೇಕು ನಿಮಗೆ?’

‘ನೋವು ಹೋಗ್ಬೇಕು ಕಣಮ್ಮ.’

‘ಸರಿ, ನೋವು ಹೋಯ್ತು ಅಂದ್ಕೊಳ್ಳಿ. ಮೊದಲು ಏನ್ ಮಾಡ್ತೀರ?’

ಸ್ವಲ್ಪ ಹೊತ್ತು ಮಾತಿಲ್ಲ. ‘ಬಾಗಿಲಿಗೆ ನೀರು ಹಾಕಿ, ಕುಕ್ಕರುಗಾಲಲ್ಲಿ ಕೂತು ರಂಗೋಲಿ ಬಿಡ್ಬೇಕು. ನಾಳೆ ತುಳಸಿ ಹಬ್ಬ, ಕಟ್ಟೆ ಮುಂದೆ ಸೊಸೆ ಸ್ಟಿಕ್ಕರ್ ಅಂಟಿಸಿದಾಳೆ. ಆಮೇಲೆ ದೇವರ ಮುಂದೆ ಮಣೆ ಹಾಕ್ಕೊಂಡು ಕೂರ್ಬೇಕು, ಕುರ್ಚೀಲಿ ಕೂತು ಪೂಜೆ ಮಾಡಿದ್ರೆ ಮಾಡ್ದಂಗೇ ಇರಲ್ಲ.’

‘ಆಗುತ್ತೆ ಅನ್ಸುತ್ತಾ?’

‘ಆಗ್ಲೇಬೇಕಲ್ವಾ? ಇಲ್ದಿದ್ರೆ ಯಾಕೆ ಕುಯ್ಯಿಸ್ಕೋಬೇಕು?’

ಫಾರ್ಮಿನ 19 ಸಾಲಲ್ಲಿ ಬರದೇ ಇದ್ದದ್ದು ಈ ಎರಡು ಮಾತಲ್ಲಿ ಬಂತು. ಅವರಿಗೆ ಬೇಕಾಗಿರುವುದು ನೆಲ. ಮಂಡಿ ಲೆಕ್ಕ ಹಾಕಿದರೆ ಅದೇ ಕಷ್ಟದ್ದು. ಸಮತಟ್ಟು ನೆಲದಲ್ಲಿ ನಡೆಯೋಕೆ ಮಂಡಿ 65–70 ಡಿಗ್ರಿ ಮಡಚಿದರೆ ಸಾಕು, ಮೆಟ್ಟಿಲಿಗೆ 85ರಿಂದ 100. ಕುಕ್ಕರುಗಾಲು, ಚಕ್ಕಳಮಕ್ಕಳ, ಮಂಡಿಯೂರುವುದು, ಇವುಗಳಿಗೆ 110ರಿಂದ 165ರವರೆಗೂ ಬೇಕು. ಬದಲಿಸಿದ ಮಂಡಿ ಬಹಳ ಜನರಲ್ಲಿ 110–120ರ ಹತ್ತಿರ ನಿಲ್ಲುತ್ತೆ. ಆಪರೇಷನ್ನಿಗೆ ಮುಂಚೆ ಎಷ್ಟು ಮಡಚುತ್ತಿತ್ತೋ ಅದರ ಮೇಲೆ ಆಮೇಲಿನದೂ ನಿಂತಿರುತ್ತೆ. ಈ ಅಮ್ಮನದು ಈಗಲೇ 95. ಅಂದರೆ ನೋವು ಹೋಗಬಹುದು, ಗಾಂಧಿ ಬಜಾರಿಗೆ ನಡೆದುಕೊಂಡು ಹೋಗಿ ಬರಬಹುದು, ಬಸ್ಸಿನ ಮೆಟ್ಟಿಲೂ ಹತ್ತಬಹುದು. ಸರ್ಜನ್ ಅದನ್ನೆಲ್ಲ ಯಶಸ್ಸು ಅಂತ ಬರೆದುಕೊಳ್ಳುತ್ತಾರೆ. ಅಮ್ಮ ಮಾತ್ರ ‘ಏನೂ ಪ್ರಯೋಜನ ಆಗ್ಲಿಲ್ಲ’ ಅಂತಾರೆ. ಇಬ್ಬರು ಹೇಳುವುದೂ ನಿಜವೇ.

ಕೆನಡಾದ ಒಂಟಾರಿಯೊದಲ್ಲಿ ಮಂಡಿ ಬದಲಿಸಿಕೊಂಡ 1,703 ಜನರನ್ನು ಕೇಳಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 19% ಜನಕ್ಕೆ ತೃಪ್ತಿ ಇರಲಿಲ್ಲ. ಅತೃಪ್ತಿಯ ಜೊತೆ ಎಲ್ಲಕ್ಕಿಂತ ಗಟ್ಟಿಯಾಗಿ ತಳಕು ಹಾಕಿಕೊಂಡಿದ್ದದ್ದು ಅಂದುಕೊಂಡದ್ದು ಆಗಲಿಲ್ಲ ಅನ್ನುವುದೇ. ಅಂದುಕೊಂಡದ್ದೇನು ಅಂತ ಮೊದಲೇ ಬರೆದಿಟ್ಟುಕೊಳ್ಳದೆ ಅದನ್ನು ಸರಿಪಡಿಸುವುದು ಹೇಗೆ?

ನಮ್ಮ ಫಾರ್ಮಿನ ಮೂಲ ನ್ಯೂಯಾರ್ಕಿನ ಹಾಸ್ಪಿಟಲ್ ಫಾರ್ ಸ್ಪೆಷಲ್ ಸರ್ಜರಿಯದು, 2001ರದ್ದು. ಒಳ್ಳೆಯ ಕೆಲಸ, ರೋಗಿಗಳನ್ನೇ ಕೇಳಿ ಕೇಳಿ ಕಟ್ಟಿದ್ದು. ‘ಪೂರ್ತಿ ಮೊದಲಿನ ಹಾಗೆ’ ಅಂದರೆ 4, ‘ತುಂಬಾ’ 3, ‘ಸುಮಾರಾಗಿ’ 2, ‘ಸ್ವಲ್ಪ’ 1, ‘ಆ ನಿರೀಕ್ಷೆ ಇಲ್ಲ ಅಥವಾ ನನಗೆ ಅನ್ವಯಿಸಲ್ಲ’ ಅಂದರೆ 0. ಕೂಡಿಸಿ 76ರಿಂದ ಭಾಗಿಸಿ ನೂರರಿಂದ ಗುಣಿಸಬೇಕು. ತೊಡಕು ಇರುವುದು ಆ ಸೊನ್ನೆಯಲ್ಲಿ. 68 ವರ್ಷದ ಗೃಹಿಣಿ ಪ್ರಾಮಾಣಿಕವಾಗಿ ಸಂಬಳದ ಕೆಲಸ, ಆಟೋಟ, ದಾಂಪತ್ಯ ಈ ಮೂರೂ ನನಗಲ್ಲ ಅಂದರು, ಉಳಿದ 16ಕ್ಕೂ 4 ಕೊಟ್ಟರು ಅಂತಿಟ್ಟುಕೊಳ್ಳಿ. 76ಕ್ಕೆ 64, ಅಂದರೆ 84. ಕಾಗದ ನೋಡಿದವರಿಗೆ ಇವರ ಆಸೆ ಹದವಾಗಿದೆ ಅನ್ನಿಸುತ್ತೆ. ಅವರ ಬದುಕಿಗೆ ಬೇಕಾದ ಪ್ರತಿಯೊಂದರಲ್ಲೂ ಅವರು ಪೂರ್ತಿಯನ್ನೇ ಕೇಳಿದ್ದಾರೆ. ಅದಕ್ಕೇ ಒಟ್ಟು ಅಂಕ ಒಂದನ್ನೇ ಕಂಪ್ಯೂಟರಿಗೆ ಹಾಕಬಾರದು, ಸಾಲು ಸಾಲಾಗಿ ಹಾಕಬೇಕು. ‘ಅನ್ವಯಿಸಲ್ಲ’ ಅನ್ನುವುದಕ್ಕೂ ‘ಆಸೆ ಬಿಟ್ಟಿದೀನಿ’ ಅನ್ನುವುದಕ್ಕೂ ಬೇರೆ ಬೇರೆ ಗುರುತು ಹಾಕಬೇಕು. ಎರಡನೆಯದು ಬಹಳ ಮುಖ್ಯ. ಆಸೆ ಬಿಟ್ಟವರು ವ್ಯಾಯಾಮ ಮಾಡಲ್ಲ.

ಹಾಗೆಯೇ 15%ಗಿಂತ ಜಾಸ್ತಿ ಜನ ಅತೀ ಮೇಲಿನ ಅಂಕದಲ್ಲೇ ಬಂದು ಕೂತರೆ ಆ ಅಳತೆಪಟ್ಟಿ ನಮ್ಮ ಜನಕ್ಕೆ ಗಿಡ್ಡವಾಯಿತು ಅಂತಲೇ ಅರ್ಥ. ಪ್ರತಿ ಸಾಲಿಗೂ ಎರಡು ಕಾಲಂ ಮಾಡಿದರೆ ಇದು ಕಡಿಮೆಯಾಗುತ್ತೆ: ‘ನನಗೆ ಇಷ್ಟು ಆಗಬೇಕು’, ‘ನಿಜವಾಗಿ ಇಷ್ಟು ಆಗಬಹುದು’. ಮೊದಲನೆಯದಕ್ಕೆ ಎಲ್ಲರೂ ಪೂರ್ತಿ ಅಂತಾರೆ, ಅನ್ನಲಿ. ಎರಡನೆಯ ಕಾಲಮಿಗೆ ಬಂದಾಗ ಪೆನ್ನು ನಿಲ್ಲುತ್ತೆ, ಯೋಚನೆ ಶುರುವಾಗುತ್ತೆ. ಎರಡರ ನಡುವಿನ ಅಂತರವೇ ಡಾಕ್ಟರು ಕೂತು ಮಾತಾಡಬೇಕಾದ ಜಾಗ. ಅಂತರವೇ ಇಲ್ಲದೆ ಎರಡೂ ‘ಪೂರ್ತಿ’ ಆಗಿದ್ದರೆ ಇನ್ನೂ ಹೆಚ್ಚು ಹೊತ್ತು ಮಾತಾಡಬೇಕು.

ಕೇಳುವ ಹೊತ್ತೂ ಮುಖ್ಯ. ಸರ್ಜನ್ ವಿವರಿಸಿದ ಮೇಲೆ ಕೇಳಿದರೆ ಸರ್ಜನ್ ಹೇಳಿದ್ದೇ ತಿರುಗಿ ಬರುತ್ತೆ. ಮುಂಚೆ ಒಮ್ಮೆ, ವಿವರಿಸಿದ ಮೇಲೆ ಇನ್ನೊಮ್ಮೆ ಕೇಳಬೇಕು. ಆಗಲೇ ಆ ಹತ್ತು ನಿಮಿಷದ ಮಾತು ತಲುಪಿತೋ ಇಲ್ಲವೋ ಗೊತ್ತಾಗುವುದು.

ಸಾಲುಗಳನ್ನೂ ಸೇರಿಸಬೇಕು. ಮೂಲದಲ್ಲಿ ಕುಕ್ಕರುಗಾಲಲ್ಲಿ ಕೂರುವುದು, ಮಂಡಿಯೂರುವುದು ಇವೆ. ಚಕ್ಕಳಮಕ್ಕಳ ಇಲ್ಲ, ನೆಲದಿಂದ ಕೈ ಊರದೆ ಏಳುವುದು ಇಲ್ಲ, ಈಳಿಗೆ ಮಣೆ ಇಲ್ಲ. ಶಿವಾಜಿನಗರದಿಂದ ಬರುವ ಹಿರಿಯರಿಗೆ ನಮಾಜಿನಲ್ಲಿ ಮಂಡಿಯೂರಿ ಹಿಂದಕ್ಕೆ ಕೂರುವುದೇ ಎಲ್ಲಕ್ಕಿಂತ ದೊಡ್ಡದು. ಆದರೆ ಮನಸ್ಸಿಗೆ ಬಂದ ಹಾಗೆ ಸಾಲು ಸೇರಿಸುವಂತಿಲ್ಲ. ಇಬ್ಬರು ಬೇರೆ ಬೇರೆಯಾಗಿ ಕನ್ನಡಕ್ಕೆ ತರಬೇಕು, ಕೂಡಿಸಿ ಒಂದು ಮಾಡಬೇಕು. ಮೂಲ ನೋಡದ ಇಬ್ಬರು ವಾಪಸ್ ಇಂಗ್ಲಿಷಿಗೆ ತರಬೇಕು, ಸಮಿತಿ ಕೂತು ಹೋಲಿಸಬೇಕು. ಆಮೇಲೆ 30–40 ರೋಗಿಗಳಿಗೆ ಕೊಟ್ಟು ‘ಈ ಪ್ರಶ್ನೆ ನಿಮಗೆ ಏನು ಅರ್ಥ ಆಯ್ತು, ನಿಮ್ಮ ಮಾತಲ್ಲಿ ಹೇಳಿ’ ಅಂತ ಕೇಳಬೇಕು. ಈ ಕೊನೇ ಹಂತವನ್ನೇ ಅವಸರದಲ್ಲಿ ಬಿಡುವುದು. ಪುಸ್ತಕದ ಕನ್ನಡವೆಲ್ಲ ಸಿಕ್ಕಿಬೀಳುವುದೂ ಅಲ್ಲೇ.

ನೋವು ಎಷ್ಟಿದೆ ಅಂತ ರೋಗಿ ಗುರುತು ಹಾಕುವ ಗೆರೆ ಬಗ್ಗೆ ಒಂದು ಮಾತು, ಮರೆಯುವ ಮುಂಚೆ. 100 ಮಿಲಿಮೀಟರ್ ಗೆರೆ ಜೆರಾಕ್ಸ್ ಅಂಗಡಿಯಲ್ಲಿ ಪುಟಕ್ಕೆ ಹೊಂದಿಸಿ ಪ್ರಿಂಟ್ ಆದರೆ 96ಕ್ಕೋ 97ಕ್ಕೋ ಕುಗ್ಗುತ್ತೆ. ಪ್ರತಿ ಹೊಸ ಕಟ್ಟಿನ ಮೊದಲ ಹಾಳೆಗೆ ಸ್ಕೇಲ್ ಇಟ್ಟು ನೋಡಲೇಬೇಕು. ಗೆರೆ ಅಂದರೇನು ಅಂತ ತಿಳಿಯದವರಿಗೆ ಸೊನ್ನೆಯಿಂದ ಹತ್ತು ಬಾಯಲ್ಲೇ ಕೇಳುವುದು ವಾಸಿ. ಆದರೆ ಒಬ್ಬರಿಗೇ ಮೊದಲ ಸಲ ಗೆರೆ, ಆರು ತಿಂಗಳಾದ ಮೇಲೆ ಬಾಯಿಮಾತು ಅಂತ ಆಗಬಾರದು.

ಆಮವಾತದವರ (ರುಮಟಾಯ್ಡ್ ಆರ್ಥ್ರೈಟಿಸ್) ಕಥೆಯೇ ಬೇರೆ, ಅವರಿಗೆ ಈ ಫಾರ್ಮ್ ಹೊಂದುವುದಿಲ್ಲ. ಅಲ್ಲಿ ಎಷ್ಟು ಕಡಿಮೆಯಾಗಬೇಕು ಅನ್ನುವುದರ ಜೊತೆ ‘ಯಾವಾಗ’ ಅಂತಲೂ ಕೇಳಲೇಬೇಕು. ನೋವಿನ ಮಾತ್ರೆ ಅವತ್ತೇ ಕೆಲಸ ಮಾಡುತ್ತೆ. ಆಮವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಮಾತ್ರೆ ವಾರಕ್ಕೊಂದೇ ಸಲ, ಅದರ ಗುಣ ಕಾಣೋಕೆ 6ರಿಂದ 12 ವಾರ ಹಿಡಿಯುತ್ತೆ. ಮೊದಲ ವಾರದಲ್ಲೇ ಆರಾಮ ಸಿಗುತ್ತೆ ಅಂದುಕೊಂಡವರು ಮೂರನೇ ವಾರಕ್ಕೆ ಬಿಟ್ಟುಬಿಡುತ್ತಾರೆ. ಇಲ್ಲವೇ ಬೇಗ ಗುಣವಾಗಲಿ ಅಂತ ದಿನಾ ನುಂಗುತ್ತಾರೆ. ಅದು ಜೀವಕ್ಕೇ ಅಪಾಯ. ‘ಎಷ್ಟು ದಿನಕ್ಕೆ ವಾಸಿಯಾಗುತ್ತೆ ಅಂದುಕೊಂಡಿದ್ದೀರಿ? ಮಾತ್ರೆ ಯಾವಾಗ ನಿಲ್ಲಿಸಬಹುದು ಅಂದುಕೊಂಡಿದ್ದೀರಿ?’ ಈ ಎರಡು ಪ್ರಶ್ನೆಗೆ ಒಂದು ನಿಮಿಷ ಸಾಕು. ಮಾತ್ರೆ ಚೀಟಿ ಬರೆಯುವ ಮುಂಚೆ ಯಾರಾದರೂ ಕೇಳಲಿ ಅಂತ ನಿಜವಾಗಿ ಅನ್ನಿಸುತ್ತೆ.

ಇನ್ನು ವರ್ಷ ಕಳೆದ ಮೇಲಿನ ಫಾರ್ಮ್. ಆಗ ‘ಅವತ್ತು ನೀವು ಏನಂದುಕೊಂಡಿದ್ದಿರಿ’ ಅಂತ ಕೇಳಬಾರದು. ಆಮೇಲೆ ಆದದ್ದು ಹಳೆಯ ಆಸೆಯ ನೆನಪನ್ನೇ ಬದಲಿಸಿಬಿಡಬಹುದು. ಹಳೆಯ ಕಾಗದ ನಮ್ಮ ಹತ್ತಿರವೇ ಇರಬೇಕು. ಅದೇ ಸಾಲುಗಳನ್ನು ಅದೇ ಕ್ರಮದಲ್ಲಿ ‘ಈಗ ಎಷ್ಟು ಆಗಿದೆ’ ಅಂತ ಕೇಳಿ, ಪಕ್ಕದಲ್ಲಿಟ್ಟು ನೋಡಬೇಕು. ಓಪಿಡಿಗೆ ಬಾರದವರಿಗೆ ಫೋನ್ ಮಾಡಬೇಕಾಗುತ್ತೆ, ಫೋನ್ ಎತ್ತುವುದು ಮಗ. ಇವತ್ತಿನ ಅಮ್ಮನ ಫಾರ್ಮಿನಲ್ಲಿ ಕೊಟ್ಟಿರುವುದೂ ಮಗನ ನಂಬರೇ, ಅದರ ಜೊತೆ ಸೊಸೆಯದೋ ಪಕ್ಕದ ಮನೆಯವರದೋ ಇನ್ನೊಂದು ನಂಬರ್ ತಗೊಂಡರೆ ಒಳ್ಳೆಯದು.