ಚರ್ಮದಲ್ಲಿ ಇಷ್ಟು ವರ್ಷ ಏನು ಹುಡುಕುತ್ತಿದ್ದೀಯ?

ನಮ್ಮೂರು ಶಿಡ್ಲಘಟ್ಟಕ್ಕೆ ಹೋದಾಗಲೆಲ್ಲ, ರೇಷ್ಮೆಗೂಡಿನ ಮಾರುಕಟ್ಟೆಯ ಮುಂದೆ ಸಿಕ್ಕವರಾಗಲಿ, ಮದುವೆಮನೆಯ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತವರಾಗಲಿ, ನನ್ನನ್ನು ಒಂದು ಪ್ರಶ್ನೆ ಕೇಳದೆ ಬಿಡುವುದಿಲ್ಲ: “ಚರ್ಮದ ಡಾಕ್ಟರಲ್ಲ ಅಂತೀಯ, ಔಷಧಿ ಬರೆದುಕೊಡೋದೂ ಇಲ್ಲ ಅಂತೀಯ. ಹಾಗಾದರೆ ಚರ್ಮದಲ್ಲಿ ಇಷ್ಟು ವರ್ಷದಿಂದ ಏನಮ್ಮಾ ಹುಡುಕ್ತಾ ಇದ್ದೀಯ?” ನಿಂತ ನಿಲುವಿನಲ್ಲಿ ಎರಡು ಮಾತಿನಲ್ಲಿ ಇದಕ್ಕೆ ಉತ್ತರ ಕೊಡಲು ಈವರೆಗೆ ನನ್ನಿಂದ ಆಗಿಲ್ಲ, ಆದ್ದರಿಂದ ಇಲ್ಲಿ ಸಾವಕಾಶವಾಗಿ ಬರೆಯುತ್ತಿದ್ದೇನೆ. ನಾನು ಹುಡುಕುತ್ತಿರುವುದು ಚರ್ಮದ ನೆನಪನ್ನು. ಒಮ್ಮೆ ತನಗಾಗದ ವಸ್ತುವನ್ನು ಕಂಡ ಚರ್ಮ ಅದನ್ನು ವರ್ಷಗಟ್ಟಲೆ ಎಲ್ಲಿ, ಹೇಗೆ ಇಟ್ಟುಕೊಂಡಿರುತ್ತದೆ ಎಂಬುದೇ ನನ್ನ ಸಂಶೋಧನೆ. ನೆನಪು ಎಂಬ ಈ ಮಾತನ್ನು ನಾನು ಮೊದಲು ಕೇಳಿದ್ದು ಪಾಠದಲ್ಲಲ್ಲ, ನನ್ನ ಚಿಕ್ಕಮ್ಮನ ಬಾಯಲ್ಲಿ.

ಚಿಕ್ಕಮ್ಮ ಇಪ್ಪತ್ತು ವರ್ಷಕ್ಕೂ ಮೇಲೆ ನೂಲು ಬಿಚ್ಚಾಣಿಕೆಯಲ್ಲಿ ದುಡಿದವರು. ನಾನು ಚಿಕ್ಕವಳಿದ್ದಾಗ ನಮ್ಮೂರು ಕೋಲಾರ ಜಿಲ್ಲೆಗೆ ಸೇರಿತ್ತು. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ. ಗೂಡುಗಳನ್ನು ಕುದಿನೀರಿನಲ್ಲಿ ಬೇಯಿಸಿ, ಎಳೆಯನ್ನು ಬಿಗಿಹಿಡಿದಿರುವ ಸೆರಿಸಿನ್ ಎಂಬ ಅಂಟು ಸಡಿಲವಾದ ಮೇಲೆ, ಬೇಸಿನ್ನಿನ ಬಿಸಿನೀರಿನಲ್ಲಿ ತೇಲುವ ಗೂಡುಗಳಿಂದ ಎಳೆಯ ತುದಿಯನ್ನು ಬೆರಳಲ್ಲೇ ಹುಡುಕಿ, ಹಲವು ಎಳೆಗಳನ್ನು ಕೂಡಿಸಿ ರಾಟೆಗೆ ಕೊಡುವುದು ಆ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಕೈ ನೀರಿನಲ್ಲೇ ಇರುತ್ತದೆ, ಮತ್ತು ಆ ನೀರು ಹೊತ್ತು ಏರಿದಂತೆ ಸತ್ತ ಹುಳುವಿನ ಕಂದು ಬಣ್ಣಕ್ಕೂ ವಾಸನೆಗೂ ತಿರುಗುತ್ತದೆ. ಸಂಜೆ ಅವರು ಮನೆಗೆ ಬಂದು ಸೆರಗಿನಲ್ಲಿ ಕೈ ಒರೆಸಿಕೊಂಡಾಗ ಬೆರಳ ತುದಿಗಳು ಬೆಳ್ಳಗೆ ನೆಂದು ಸುಕ್ಕುಗಟ್ಟಿರುತ್ತಿದ್ದವು. ಬೆರಳ ಸಂದಿಗಳಲ್ಲಿ ಚರ್ಮ ಸುಲಿದು ಕೆಂಪು ಬಿರುಕುಗಳು ಕಾಣುತ್ತಿದ್ದವು. ಸಾರಿಗೆ ಹುಣಸೆಹಣ್ಣು ಕಿವುಚುವಾಗ ಅವರು ಹಲ್ಲು ಕಚ್ಚಿಕೊಳ್ಳುತ್ತಿದ್ದುದು ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ.

ಬೆಂಗಳೂರಿನಲ್ಲಿ ಎಂ.ಎಸ್ಸಿ. ಓದುತ್ತಿದ್ದಾಗ ನಾನು ಅವರಿಗೆಂದು ಒಂದು ಜೊತೆ ರಬ್ಬರ್ ಕೈಗವಸು ತಂದುಕೊಟ್ಟೆ. ಗವಸು ಹಾಕಿದರೆ ಎಳೆಯ ತುದಿ ಬೆರಳಿಗೆ ಸಿಕ್ಕುವುದಿಲ್ಲವಾದ್ದರಿಂದ, ಗೂಡು ಬೇಯಿಸುವಾಗ ಮತ್ತು ಬೇಸಿನ್ ತೊಳೆಯುವಾಗ ಮಾತ್ರ ಹಾಕಿಕೊಳ್ಳುತ್ತಿದ್ದರು. ಮೊದಲೆರಡು ತಿಂಗಳು ಕೈ ಹಗುರವಾಯಿತೆಂದರು. ಆಮೇಲೆ ಅಂಗೈ ಹಿಂಬದಿಯಲ್ಲಿ ಸಣ್ಣ ನೀರುಗುಳ್ಳೆಗಳೆದ್ದು ತುರಿಕೆ ಶುರುವಾಯಿತು, ಗವಸು ಮುಗಿಯುವ ಮಣಿಕಟ್ಟಿನ ಹತ್ತಿರ ಗೆರೆ ಎಳೆದಂತೆ ನಿಂತಿತ್ತು. ಮಗಳ ಬಾಣಂತನಕ್ಕೆಂದು ನಾಲ್ಕು ತಿಂಗಳು ಕೆಲಸ ಬಿಟ್ಟಾಗ ಎಲ್ಲವೂ ಮಾಯವಾಗಿ ಕೈ ತಿಳಿಯಾಯಿತು. ಮತ್ತೆ ಕೆಲಸಕ್ಕೆ ಹೋಗಿ ಒಂದೇ ಮಧ್ಯಾಹ್ನ ಅದೇ ಗವಸು ತೊಟ್ಟಿದ್ದಕ್ಕೆ ಎರಡನೆಯ ದಿನ ಅದೇ ಜಾಗಗಳಲ್ಲಿ ಗುಳ್ಳೆ ಎದ್ದವು. ಆಗ ಅವರು ಕೈ ಮುಂದೆ ಚಾಚಿ ಹೇಳಿದರು: “ನಾನು ಮರೆತಿದ್ದೆ ಕಣೇ, ಕೈ ಮರೆತಿಲ್ಲ.” ಕೆಲವು ವಾರಗಳಲ್ಲಿ ಹವಾಯಿ ಚಪ್ಪಲಿಯ ಪಟ್ಟಿ ತಾಗುವಲ್ಲಿ, ಎರಡೂ ಪಾದದ ಮೇಲೆ, ಪಟ್ಟಿಯದೇ ಆಕಾರದಲ್ಲಿ ತುರಿಕೆ ಕಾಣಿಸಿಕೊಂಡಿತು.

ಅವರನ್ನು ಬೆಂಗಳೂರಿನ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿ ಬೆನ್ನಿನ ಮೇಲೆ ಸಾಲಾಗಿ ಪುಟ್ಟ ಬಟ್ಟಲುಗಳಂಥವನ್ನು ಪಟ್ಟಿಯಿಂದ ಅಂಟಿಸಿ, ಒಂದೊಂದರಲ್ಲಿ ಒಂದೊಂದು ವಸ್ತುವನ್ನು ಚೂರೇ ಚೂರು ಇಟ್ಟು, ಬೆನ್ನು ನೆನೆಯಬಾರದೆಂದು ಹೇಳಿ ಕಳುಹಿಸಿದರು. ಇದಕ್ಕೆ ಪ್ಯಾಚ್ ಪರೀಕ್ಷೆ ಎನ್ನುತ್ತಾರೆ. 1895ರಲ್ಲಿ ಯೋಸೆಫ್ ಯಾಡಸ್ಸೋನ್ ಎಂಬ ಚರ್ಮವೈದ್ಯರು ಮೊದಲು ವಿವರಿಸಿದ ಈ ವಿಧಾನ ಇಂದಿಗೂ ಹೆಚ್ಚೇನೂ ಬದಲಾಗಿಲ್ಲ. 48 ಗಂಟೆಗಳ ನಂತರ ಪಟ್ಟಿ ಬಿಚ್ಚಿದರು, 96 ಗಂಟೆಗೆ ಮತ್ತೊಮ್ಮೆ ನೋಡಿದರು. ನಾನು ಗೂಡಿನ ನೀರನ್ನೇ ಅನುಮಾನಿಸಿದ್ದೆ. ಅದನ್ನಿಟ್ಟ ಜಾಗ ಶುಭ್ರವಾಗಿತ್ತು. ಕೆಂಪಗೆ ದಪ್ಪಗೆ ಊದಿ, ಸೂಜಿಮೊನೆಯಷ್ಟು ಗುಳ್ಳೆಗಳೆದ್ದಿದ್ದ ಒಂದೇ ಒಂದು ಗುರುತು ಥಯುರಾಮ್ ಗುಂಪಿನ ರಾಸಾಯನಿಕದ್ದು. ರಬ್ಬರನ್ನು ಗಟ್ಟಿಗೊಳಿಸುವ ಕ್ರಿಯೆ ಬೇಗ ನಡೆಯಲೆಂದು ಅದನ್ನು ಬೆರೆಸುತ್ತಾರೆ. ಅಂದರೆ ಚಿಕ್ಕಮ್ಮನಿಗೆ ಒಗ್ಗದಿದ್ದದ್ದು ರೇಷ್ಮೆಯಲ್ಲ, ನಾನು ತಂದುಕೊಟ್ಟ ಗವಸು. ಆ ಸಂಗತಿ ನನ್ನನ್ನು ಬಹಳ ದಿನ ಕಾಡಿತು, ಮತ್ತು ನಾನು ಯಾವ ವಿಷಯದಲ್ಲಿ ಪಿಎಚ್.ಡಿ. ಮಾಡಬೇಕೆಂಬುದನ್ನೂ ಅದೇ ತೀರ್ಮಾನಿಸಿತು.

ಒಳಗೆ ನಡೆದದ್ದೇನೆಂದು ಹೇಳುತ್ತೇನೆ. ಚರ್ಮದ ಅತ್ಯಂತ ಹೊರಗಿನ ಪದರ ಸತ್ತ ಜೀವಕೋಶಗಳದ್ದು. ಅವುಗಳ ನಡುವೆ ಕೊಬ್ಬಿನಂಶವು ಇಟ್ಟಿಗೆಗಳ ನಡುವಣ ಗಾರೆಯಂತೆ ತುಂಬಿಕೊಂಡಿರುತ್ತದೆ. ದಿನವಿಡೀ ಬಿಸಿನೀರಿನಲ್ಲಿದ್ದರೆ ಆ ಗಾರೆ ಕರಗಿ ಹೋಗುತ್ತದೆ. ಕೆಲವರಿಗೆ ಹುಟ್ಟಿನಿಂದಲೇ ಈ ಗೋಡೆ ದುರ್ಬಲವಾಗಿರುತ್ತದೆ: ಫಿಲಾಗ್ರಿನ್ ಎಂಬ ಪ್ರೋಟೀನಿನ ಜೀನ್ ದೋಷವು ಇಸುಬಿನ ಒಂದು ಮುಖ್ಯ ಕಾರಣವೆಂದು 2006ರಲ್ಲಿ ಗೊತ್ತಾಯಿತು. ಗೋಡೆ ಬಿರಿದ ಮೇಲೆ ಗವಸಿನ ರಾಸಾಯನಿಕದಂಥ ಸಣ್ಣ ಅಣುಗಳು ಸುಲಭವಾಗಿ ಒಳನುಗ್ಗಿ ನಮ್ಮದೇ ಪ್ರೋಟೀನುಗಳಿಗೆ ಅಂಟಿಕೊಳ್ಳುತ್ತವೆ. ಹೀಗೆ ರೂಪಗೆಟ್ಟ ಪ್ರೋಟೀನನ್ನು ಹೊರಚರ್ಮದಲ್ಲಿ ಕಾವಲಿರುವ ಲ್ಯಾಂಗರ್‌ಹಾನ್ಸ್ ಕೋಶಗಳೂ, ಅವುಗಳ ಕೆಳಗಿನ ಪದರದಲ್ಲಿರುವ ಅವುಗಳ ಬಂಧುಗಳೂ ಎತ್ತಿಕೊಂಡು, ಕಂಕುಳಿನ ದುಗ್ಧಗ್ರಂಥಿಗೆ ಹೋಗಿ ಅಲ್ಲಿನ ಟಿ ಕೋಶಗಳಿಗೆ (ಮೈಯನ್ನು ಕಾಯುವ ಒಂದು ಬಗೆಯ ಬಿಳಿ ರಕ್ತಕಣಗಳಿಗೆ) ತೋರಿಸುತ್ತವೆ. ಅದನ್ನು ಗುರುತು ಹಿಡಿಯಬಲ್ಲ ಟಿ ಕೋಶಗಳು ಹತ್ತು ಹದಿನಾಲ್ಕು ದಿನಗಳಲ್ಲಿ ಸಾವಿರಾರು ಪಟ್ಟು ಹೆಚ್ಚಿ ಚರ್ಮಕ್ಕೆ ಬರುತ್ತವೆ. ಮುಂದಿನ ಸಲ ಅದೇ ವಸ್ತು ತಾಗಿದರೆ ಒಂದೆರಡು ದಿನವೇ ಸಾಕು. ಇದು ರಕ್ತದಲ್ಲಿನ ಪ್ರತಿಕಾಯಗಳ (ಆಂಟಿಬಾಡಿಗಳ) ಕೆಲಸವಲ್ಲ, ಜೀವಕೋಶಗಳ ಕೆಲಸ ಎಂಬುದನ್ನು 1942ರಲ್ಲಿ ಲ್ಯಾಂಡ್‌ಸ್ಟೈನರ್ ಮತ್ತು ಚೇಸ್ ತೋರಿಸಿಕೊಟ್ಟರು. ಅಲರ್ಜಿಯುಳ್ಳ ಗಿನಿಯಿಲಿಯ ಜೀವಕೋಶಗಳನ್ನು ಇನ್ನೊಂದಕ್ಕೆ ಕೊಟ್ಟಾಗ ಅಲರ್ಜಿಯೂ ಅದರೊಡನೆ ಹೋಯಿತು. ನಮ್ಮ ಕಡೆಯ ಹೊಲದ ಬದುಗಳಲ್ಲಿ ಬೆಳೆಯುವ ಕಾಂಗ್ರೆಸ್ ಗಿಡದಿಂದ ರೈತರ ಮುಖ, ಕುತ್ತಿಗೆ, ಮೊಣಕೈ ಮಡಿಕೆಗಳಲ್ಲಿ ಏಳುವ ತುರಿಕೆಯೂ ಇದೇ ಬಗೆಯದು. ಅಲ್ಲಿ ಆ ಅಣುವಿನ ಹೆಸರು ಪಾರ್ಥೆನಿನ್, ಅದು ಗಿಡದ ಒಣಪುಡಿಯೊಂದಿಗೆ ಗಾಳಿಯಲ್ಲೇ ಬರುತ್ತದೆ.

ಲ್ಯಾಂಗರ್‌ಹಾನ್ಸ್ ಕೋಶಗಳ ಕಥೆಯನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. 1868ರಲ್ಲಿ ಬರ್ಲಿನ್ನಿನಲ್ಲಿ ಇನ್ನೂ ವೈದ್ಯಕೀಯ ವಿದ್ಯಾರ್ಥಿಯಾಗಿದ್ದ ಪೌಲ್ ಲ್ಯಾಂಗರ್‌ಹಾನ್ಸ್ ಮನುಷ್ಯನ ಚರ್ಮಕ್ಕೆ ಚಿನ್ನದ ಕ್ಲೋರೈಡ್ ಹಾಕಿ ನೋಡಿದಾಗ ರೆಂಬೆಗಳುಳ್ಳ ಕಪ್ಪು ಕೋಶಗಳು ಕಂಡವು. ಅವು ನರಕೋಶಗಳೆಂದೇ ಅವನು ಭಾವಿಸಿದ. (ಮರುವರ್ಷ ಮೇದೋಜೀರಕ ಗ್ರಂಥಿಯಲ್ಲಿ, ಸಕ್ಕರೆ ಕಾಯಿಲೆಗೆ ಸಂಬಂಧಪಟ್ಟ ಕೋಶದ್ವೀಪಗಳನ್ನು ಕಂಡವನೂ ಅವನೇ.) ಸುಮಾರು ನೂರು ವರ್ಷ ಆ ಕೋಶಗಳ ಕೆಲಸವೇನೆಂದು ಯಾರಿಗೂ ತಿಳಿದಿರಲಿಲ್ಲ. 1961ರಲ್ಲಿ ಬರ್ಬೆಕ್ ಮತ್ತು ಸಂಗಡಿಗರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ತೊನ್ನಿನ ಚರ್ಮವನ್ನು ನೋಡುತ್ತಿದ್ದಾಗ ಈ ಕೋಶಗಳೊಳಗೆ ವಿಶಿಷ್ಟವಾದ ಕಡ್ಡಿಯಂಥ ಕಣಗಳನ್ನು ಗುರುತಿಸಿದರು. 1973ರಲ್ಲಿ ರಾಲ್ಫ್ ಸ್ಟೈನ್‌ಮನ್ ಮತ್ತು ಝಾನ್ವಿಲ್ ಕೋಹ್ನ್ ಇಲಿಯ ಗುಲ್ಮದಲ್ಲಿ (ಸ್ಪ್ಲೀನ್) ರೆಂಬೆಗಳುಳ್ಳ ಬೇರೊಂದು ಕೋಶವನ್ನು ವಿವರಿಸಿದ ಮೇಲೆ ಹೊರಗಿನ ವಸ್ತುವನ್ನು ಎತ್ತಿಕೊಂಡು ಟಿ ಕೋಶಗಳಿಗೆ ತೋರಿಸುವ ಅದರ ಕೆಲಸವನ್ನೇ ಇವೂ ಮಾಡುತ್ತವೆ ಎಂಬುದು ಕ್ರಮೇಣ ಸ್ಪಷ್ಟವಾಯಿತು. ಸ್ಟೈನ್‌ಮನ್ನರಿಗೆ 2011ರ ನೊಬೆಲ್ ಪ್ರಶಸ್ತಿ ಘೋಷಣೆಯಾಗುವ ಮೂರು ದಿನ ಮೊದಲು ಅವರು ತೀರಿಕೊಂಡಿದ್ದರು.

ನನ್ನ ಓದಿನ ದಾರಿ ದೊಡ್ಡದೇನಲ್ಲ: ಬಿ.ಎಸ್ಸಿ.ಯಲ್ಲಿ ಸಿಬಿಝಡ್ (ರಸಾಯನ, ಸಸ್ಯ, ಪ್ರಾಣಿಶಾಸ್ತ್ರ), ಆಮೇಲೆ ಜೀವರಸಾಯನದಲ್ಲಿ ಎಂ.ಎಸ್ಸಿ., ಎರಡನೆಯ ಪ್ರಯತ್ನದಲ್ಲಿ ನೆಟ್ ಪರೀಕ್ಷೆಯಲ್ಲಿ ಫೆಲೋಶಿಪ್, ಆರು ವರ್ಷ ಪಿಎಚ್.ಡಿ. ಮಕ್ಕಳನ್ನು ಈ ಕಡೆ ಕಳುಹಿಸಬೇಕೆಂದಿರುವ ತಂದೆತಾಯಿಗಳಿಗೆ ಹೇಳುವುದಿಷ್ಟೇ: ಇದಕ್ಕೆ ಎಂ.ಬಿ.ಬಿ.ಎಸ್. ಆಗಿರಲೇಬೇಕೆಂದಿಲ್ಲ, ಆದರೆ ಮೊದಲೆರಡು ವರ್ಷ ಪ್ರಯೋಗಗಳು ಕೈಗೂಡದಿದ್ದರೆ ಸಹಿಸುವ ಶಕ್ತಿ ಬೇಕು. ಇಲಿಯ ಕಿವಿಯ ಚರ್ಮವನ್ನು ಬಿಡಿಸಿ, ಒಂದು ದ್ರಾವಣದಲ್ಲಿ ನೆನೆಸಿ, ಹೊರಚರ್ಮವನ್ನು ಮಾತ್ರ ಈರುಳ್ಳಿಯ ಒಳಪೊರೆಯಂತೆ ಹರಿಯದೆ ಎತ್ತಬೇಕು. ಅದನ್ನು ಕಲಿಯಲು ನನಗೆ ಎಂಟು ತಿಂಗಳು ಹಿಡಿಯಿತು. ಮೊದಲ ಸಲ ಸರಿಯಾಗಿ ಬಂದ ಪೊರೆಗೆ ಹೊಳೆಯುವ ಬಣ್ಣ ಕಟ್ಟಿ, ಕತ್ತಲೆ ಕೋಣೆಯಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟೆ. ಚಂದ್ರಿಕೆಯಲ್ಲಿ ಹುಳುಗಳು ಒಂದಕ್ಕೊಂದು ಎಡೆಬಿಟ್ಟು ಗೂಡು ಕಟ್ಟಿರುವಂತೆ, ಹಸಿರಾಗಿ ಹೊಳೆಯುವ ಲ್ಯಾಂಗರ್‌ಹಾನ್ಸ್ ಕೋಶಗಳು ಒಂದರ ರೆಂಬೆ ಇನ್ನೊಂದರ ರೆಂಬೆಯ ಹತ್ತಿರಕ್ಕೆ ಬಂದು ನಿಂತು, ಇಡೀ ಪೊರೆಯನ್ನು ಹಂಚಿಕೊಂಡಿದ್ದವು. ಒಂದು ಚದರ ಮಿಲಿಮೀಟರಿನಲ್ಲಿ ಅಂಥವು ನೂರಾರು. ಇವುಗಳ ಪೂರ್ವಜರು ಭ್ರೂಣಾವಸ್ಥೆಯಲ್ಲೇ ಚರ್ಮಕ್ಕೆ ಬಂದು ನೆಲೆಸಿ, ಅಲ್ಲಿಯೇ ವಂಶ ಬೆಳೆಸುತ್ತವೆ.

ಚಿಕ್ಕಮ್ಮನ ಮಾತಿಗೆ ಉತ್ತರ ಸಿಕ್ಕಿದ್ದು ಮಾತ್ರ ಟಿ ಕೋಶಗಳಲ್ಲಿ. ನೆನಪಿನ ಟಿ ಕೋಶಗಳು ರಕ್ತದಲ್ಲಿ ಸುತ್ತುತ್ತಾ, ಬೇಕಾದಾಗ ಮಾತ್ರ ಚರ್ಮಕ್ಕೆ ಬಂದು ಹೋಗುತ್ತವೆ ಎಂದೇ ಬಹುಕಾಲ ನಂಬಲಾಗಿತ್ತು. 2006ರಲ್ಲಿ ರೇಚೆಲ್ ಕ್ಲಾರ್ಕ್ ಮತ್ತು ಸಹೋದ್ಯೋಗಿಗಳು ಆರೋಗ್ಯವಂತ ಮನುಷ್ಯನ ಚರ್ಮದಲ್ಲೇ ಸುಮಾರು 2,000 ಕೋಟಿ ಟಿ ಕೋಶಗಳಿವೆ, ಅದು ರಕ್ತದಲ್ಲಿ ಹರಿಯುವವುಗಳ ಸುಮಾರು ಎರಡರಷ್ಟು ಎಂದು ಲೆಕ್ಕಹಾಕಿದರು. ಅವುಗಳಲ್ಲಿ ಬಹಳಷ್ಟು ಅಲ್ಲಿಂದ ಕದಲುವುದೇ ಇಲ್ಲ. ಗುಳ್ಳೆ ಆರಿ, ಚರ್ಮ ತಿಳಿಯಾಗಿ ಕಂಡರೂ ಆ ಜಾಗದಲ್ಲಿ ಅವು ಉಳಿದಿರುತ್ತವೆ. ಇದಕ್ಕೆ ನನಗೆ ಗೊತ್ತಿರುವ ಅತ್ಯಂತ ಸ್ಪಷ್ಟ ನಿದರ್ಶನವೆಂದರೆ ಕೆಲವರಲ್ಲಿ ಒಂದು ಮಾತ್ರೆ ನುಂಗಿದಾಗಲೆಲ್ಲ ತುಟಿಯ ಮೇಲೋ ತೋಳಿನ ಮೇಲೋ ಅದೇ ಜಾಗದಲ್ಲಿ, ಅದೇ ಅಳತೆಯ ಕಪ್ಪು ಕಲೆ ಮರಳಿ ಕೆರಳುವುದು. ಕೆಲವು ನೋವಿನ ಮಾತ್ರೆಗಳಿಂದಲೂ ಸಲ್ಫಾ ಔಷಧಿಗಳಿಂದಲೂ ಹೀಗಾಗುತ್ತದೆ. ಮಾತ್ರೆ ಮೈಯೆಲ್ಲ ಹರಡಿದರೂ ಕಲೆ ಅಲ್ಲಿಯೇ ಏಳುವುದಕ್ಕೆ ಕಾರಣ, ಆ ಜಾಗದಲ್ಲಿ ನೆಲೆ ನಿಂತ ಟಿ ಕೋಶಗಳು. ನಮ್ಮ ಪ್ರಯೋಗದಲ್ಲೂ ಇದನ್ನು ಕಣ್ಣಾರೆ ನೋಡುತ್ತೇವೆ: ಕಾಲು ಮಿಲಿಮೀಟರಿನ ಆಸುಪಾಸಿನ ದಪ್ಪವಿರುವ ಇಲಿಯ ಕಿವಿಗಳೆರಡಕ್ಕೂ ಒಂದೇ ರಾಸಾಯನಿಕ ಹಚ್ಚಿ ಮೈಕ್ರೋಮೀಟರಿನಲ್ಲಿ ಅಳೆದರೆ, ವಾರಗಳ ಹಿಂದೆ ಅದೇ ವಸ್ತುವನ್ನು ಕಂಡಿದ್ದ ಕಿವಿ ಮೊದಲು ಊದುತ್ತದೆ.

“ಇದರಿಂದ ನಮಗೇನು?” ಎಂದು ಕೇಳುವವರ ಪ್ರಶ್ನೆಯೂ ನ್ಯಾಯವಾದದ್ದೇ. ನಾಯಿ ಕಚ್ಚಿದವರಿಗೆ ಇಂದು ಸರ್ಕಾರಿ ಆಸ್ಪತ್ರೆಗಳಲ್ಲಿ ತೋಳಿನ ಚರ್ಮದೊಳಕ್ಕೇ ಚುಚ್ಚುವ ರೇಬೀಸ್ ಲಸಿಕೆ ಚರ್ಮದ ಈ ಕಾವಲನ್ನೇ ನಂಬಿದೆ. ಸ್ನಾಯುವಿಗೆ ಕೊಡುವುದಕ್ಕಿಂತ ತೀರಾ ಕಡಿಮೆ ಲಸಿಕೆ, ಒಂದು ಜಾಗಕ್ಕೆ 0.1 ಮಿಲಿಲೀಟರಿನಂತೆ ಎರಡು ಜಾಗಗಳಿಗೆ, ನಾಲ್ಕು ಭೇಟಿಗಳಲ್ಲಿ ಕೊಟ್ಟರೆ ಸಾಕಾಗುತ್ತದೆ. ಭಾರತದಲ್ಲಿ ಇದಕ್ಕೆ 2006ರಲ್ಲಿ ಒಪ್ಪಿಗೆ ದೊರೆಯಿತು. ಇನ್ನೊಂದು ವಿಷಯವನ್ನು ಒತ್ತಿ ಹೇಳಬೇಕು. ಮೆಡಿಕಲ್ ಸ್ಟೋರಿನಲ್ಲಿ ಚೀಟಿಯಿಲ್ಲದೆ ತಂದು ಹಚ್ಚುವ ಸ್ಟೀರಾಯ್ಡ್ ಮುಲಾಮು ಟಿ ಕೋಶಗಳನ್ನು ಸುಮ್ಮನಾಗಿಸುತ್ತದೆಯೇ ಹೊರತು ಅವುಗಳ ನೆನಪನ್ನು ಅಳಿಸುವುದಿಲ್ಲ, ಆದ್ದರಿಂದಲೇ ಬಿಟ್ಟ ಕೂಡಲೇ ತುರಿಕೆ ಮರಳುತ್ತದೆ. ಹುಳುಕಡ್ಡಿಗೆ ಅದನ್ನು ಹಚ್ಚಿದರಂತೂ ಶಿಲೀಂಧ್ರವನ್ನು ತಡೆಯಬೇಕಾದ ಕೋಶಗಳೇ ತಣ್ಣಗಾಗಿ ಕಾಯಿಲೆ ಹರಡುತ್ತದೆ.

ತೊನ್ನಿನ ಬಗ್ಗೆ ನಾನು ಹೆಚ್ಚು ಕಾಳಜಿಯಿಂದ ಮಾತಾಡುತ್ತೇನೆ, ಏಕೆಂದರೆ ಒಂದು ಬಿಳಿ ಮಚ್ಚೆಗಾಗಿ ಸಂಬಂಧ ಮುರಿದದ್ದನ್ನು ನಮ್ಮ ಬೀದಿಯಲ್ಲೇ ನೋಡಿದ್ದೇನೆ. ತೊನ್ನು ಅಂಟುವುದಿಲ್ಲ. ಟಿ ಕೋಶಗಳು ತಪ್ಪಾಗಿ ನಮ್ಮದೇ ಬಣ್ಣದ ಕೋಶಗಳನ್ನು ಕೊಲ್ಲುವುದರಿಂದ ಅದು ಬರುತ್ತದೆ. (ಸ್ಟಿಕ್ಕರ್ ಬೊಟ್ಟಿನ ಅಂಟಿನಲ್ಲಿರುವ ಒಂದು ರಾಸಾಯನಿಕದಿಂದ ಹಣೆಯಲ್ಲಿ ಬೊಟ್ಟಿನಷ್ಟೇ ಅಗಲಕ್ಕೆ ಬಣ್ಣ ಹೋಗುವುದೂ ಉಂಟು, ಹಾಗೆ ಕಂಡರೆ ಸ್ಟಿಕ್ಕರನ್ನು ಕೂಡಲೇ ಬಿಡಬೇಕು.) ಟಿ ಕೋಶಗಳ ಈ ದಾಳಿಗೆ ಬೇಕಾದ ಸಂಕೇತವನ್ನು ತಡೆಯುವ ರುಕ್ಸೋಲಿಟಿನಿಬ್ ಎಂಬ ಮುಲಾಮಿಗೆ 2022ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು, ಆದರೆ ಬಣ್ಣ ಮರಳಿದವರಲ್ಲೂ ಅನೇಕರಿಗೆ ಹಚ್ಚುವುದನ್ನು ನಿಲ್ಲಿಸಿದ ಮೇಲೆ ಅದೇ ಜಾಗದಲ್ಲಿ ಮಚ್ಚೆ ಮತ್ತೆ ಕಾಣಿಸಿಕೊಳ್ಳುತ್ತದೆ. ನೆಲೆಸಿದ ಟಿ ಕೋಶಗಳು ಬದುಕಿರಲು ಐಎಲ್-15 ಎಂಬ ಪ್ರೋಟೀನಿನ ಸಂಕೇತ ಬೇಕು. 2018ರಲ್ಲಿ ಜಾನ್ ಹ್ಯಾರಿಸ್ ಅವರ ತಂಡ ಇಲಿಗಳಲ್ಲಿ ಆ ಸಂಕೇತಕ್ಕೆ ಪ್ರತಿಕಾಯದಿಂದ ಅಡ್ಡಗಟ್ಟಿದಾಗ ಬಣ್ಣ ಮರಳಿ, ಬಹುಕಾಲ ಉಳಿಯಿತು. ನೆನಪನ್ನು ಮಲಗಿಸುವುದಲ್ಲ, ತೆಗೆದೇ ಹಾಕಬಹುದೆಂಬ ಆಸೆ ನನ್ನಂಥವರಲ್ಲಿ ಹುಟ್ಟಿದ್ದು ಆಗ. ಸೋಂಕಿನಿಂದ ಕಾಯುವ ಒಳ್ಳೆಯ ನೆನಪನ್ನು ಉಳಿಸಿಕೊಂಡು, ಗವಸಿನದೋ ತೊನ್ನಿನದೋ ನೆನಪನ್ನು ಮಾತ್ರ ಅಳಿಸುವುದು ಹೇಗೆ ಎಂಬುದರ ಮೇಲೆಯೇ ಈಗ ನನ್ನ ದಿನಗಳು ಕಳೆಯುತ್ತಿವೆ.

ಚಿಕ್ಕಮ್ಮ ಈಗ ಬೇಸಿನ್ನಿಗೆ ಕೈ ಹಾಕುವುದಿಲ್ಲ. ಒಣಗಿದ ಗೂಡುಗಳಲ್ಲಿ ಜೋಡಿಗೂಡನ್ನೂ ಕಲೆಬಿದ್ದದ್ದನ್ನೂ ಆರಿಸಿ ಬೇರೆ ಮಾಡುವ ಕೆಲಸ ಮಾಡುತ್ತಾರೆ, ಪಾತ್ರೆ ತೊಳೆಯುವಾಗ ರಬ್ಬರಿಲ್ಲದ ಪ್ಲಾಸ್ಟಿಕ್ ಗವಸು ಹಾಕುತ್ತಾರೆ, ಕಾಲಿಗೆ ತೊಗಲಿನ ಚಪ್ಪಲಿ. ಮೂರು ವರ್ಷದಿಂದ ಕೈಯಲ್ಲಿ ಒಂದು ಗುಳ್ಳೆಯೂ ಇಲ್ಲ. ಕಳೆದ ಯುಗಾದಿಗೆ ಹೋಗಿದ್ದಾಗ ಎರಡೂ ಕೈ ಮುಂದೆ ಚಾಚಿ, “ನೋಡೇ, ಈಗಲಾದರೂ ಮರೆತಿದೆಯಾ?” ಎಂದರು. “ಇನ್ನೂ ಇಲ್ಲ ಚಿಕ್ಕಮ್ಮ, ಅಲ್ಲೇ ಇವೆ,” ಎಂದು ಹೇಳಿ, ಮಣಿಕಟ್ಟಿನ ಹತ್ತಿರ ಹಿಂದೆ ಗೆರೆಯಿದ್ದ ಜಾಗವನ್ನು ಬೆರಳಿನಿಂದ ಮುಟ್ಟಿ ತೋರಿಸಿದೆ.