ಉಪ್ಪಿನಕಾಯಿ ಪೇಜು, ಲಾಗ್ 7: 500 ಲೇಬಲ್, ಒಂದು ಒತ್ತಕ್ಷರ

ಮೂರು ವಾರ ಏನೂ ಬರೆದಿರಲಿಲ್ಲ. ಬರೆಯೋಕೆ ಮುಖ ಇರಲಿಲ್ಲ ಅನ್ನೋದೇ ನಿಜ. ನಿನ್ನೆ ರಾತ್ರಿ ಒಂದೂವರೆಗೆ ಕೊನೆಗೂ ಗಂಟು ಬಿಚ್ಚಿತು, ಅದಕ್ಕೇ ಈ ಲಾಗ್.

ಹೊಸಬರಿಗೆ: ಶಿರಸಿ ಹತ್ತಿರದ ಊರಲ್ಲಿ ನಮ್ಮ ಚಿಕ್ಕಿ ಅಪ್ಪೆಮಿಡಿ (ಎಳೆ ಮಾವಿನಕಾಯಿ) ಉಪ್ಪಿನಕಾಯಿ ಮಾಡ್ತಾಳೆ, ನಾನು ಬೆಂಗಳೂರಲ್ಲಿ ಕೂತು ಅದರ ಇನ್‌ಸ್ಟಾಗ್ರಾಂ ಪೇಜು ನೋಡಿಕೊಳ್ತೀನಿ. ಸಂಬಳ ವರ್ಷಕ್ಕೆ ಎರಡು ಭರಣಿ. ಅಕೌಂಟ್ ತೆರೆದಿದ್ದು, ಬಯೋವನ್ನು 150 ಅಕ್ಷರಕ್ಕೆ ಕತ್ತರಿಸಿದ್ದು, ಬಿಸಿನೆಸ್ ಅಕೌಂಟ್ ಮಾಡಿದ ಕೂಡಲೇ ಸಿನಿಮಾ ಹಾಡುಗಳೆಲ್ಲ ಕೈತಪ್ಪಿದ್ದು, ಇವೆಲ್ಲ ನಿಮಗೂ ಆಗಿರುತ್ತೆ, ಬಿಡಿ. ಹಾಡು ಹೋಗಿದ್ದೇ ಒಳ್ಳೆಯದಾಯ್ತು. ಒರಳಲ್ಲಿ ಸಾಸಿವೆ ಅರೆಯೋ ಸದ್ದು ಹಾಕಿದ ರೀಲೇ ಈವರೆಗೆ ಜಾಸ್ತಿ ಓಡಿದೆ.

ಈ ತಿಂಗಳ ಗುರಿ ಒಂದೇ ಇತ್ತು. ಬಾಟಲಿ ಲೇಬಲ್, ರೀಲಿನ ಕವರ್, ವಾಟ್ಸ್ಆ್ಯಪ್ ಡಿಪಿ, ಮೂರರಲ್ಲೂ ಹೆಸರು ಒಂದೇ ಥರ ಕಾಣಬೇಕು. ಅಷ್ಟೇ. ಒಂದು ಸಂಜೆ ಕೆಲಸ ಅಂದುಕೊಂಡಿದ್ದೆ.

ಮೊದಲ ಸೂಚನೆ ರೀಲಲ್ಲೇ ಬಂದಿತ್ತು. ಫೋನಿನ ವಿಡಿಯೋ ಎಡಿಟಿಂಗ್ ಆ್ಯಪ್‌ನಲ್ಲಿ ಹೆಸರು ಟೈಪ್ ಮಾಡಿದರೆ ಒತ್ತಕ್ಷರ ಕೆಳಗೆ ಕೂರಲೇ ಇಲ್ಲ, ಪಕ್ಕಕ್ಕೆ ಬಂದು ನಿಂತಿತು. ಫೋನ್ ಹಳೇದು, ಅದಕ್ಕೇ ಹೀಗೆ ಅಂತ ಸುಮ್ನೆ ಇದ್ದೆ. ಆಮೇಲೆ ಲೇಬಲ್ ಡಿಸೈನ್ ಮಾಡಿ ಪ್ರೆಸ್‌ಗೆ ಕಳಿಸಿದೆ. ಅವರು ವಾಟ್ಸ್ಆ್ಯಪಲ್ಲಿ ಬೆರಳುಗುರಿನಷ್ಟು ದೊಡ್ಡ ಪ್ರೂಫ್ ಕಳಿಸಿದರು. ನಾನು ಮೆಟ್ರೋದಲ್ಲಿ ನೇತಾಡ್ತಾ ನೋಡಿ ಓಕೆ ಅಂದೆ. ಇದು ನನ್ನದೇ ತಪ್ಪು, ಒಪ್ಪಿಕೊಳ್ತೀನಿ.

ಐದು ದಿನಕ್ಕೆ ಚಿಕ್ಕಿ ಮನೆಗೆ 500 ಲೇಬಲ್ ಹೋಯ್ತು. ಅವತ್ತೇ ಫೋನ್.

"ಎಂತದೋ ತಮಾ ಇದು? ಉಪ್ಪಿನಕಾಯಿ ಮುರಿದು ಹೋಯ್ದಲೋ!"

ಫೋಟೋ ತರಿಸಿ ನೋಡಿದೆ. ಹಳದಿ ಲೇಬಲ್, ಚೆಂದದ ಮಿಡಿಗೊಂಚಲಿನ ಚಿತ್ರ, ಅದರ ಕೆಳಗೆ ದಪ್ಪಗೆ "ಉಪ್‌ಪಿನಕಾಯಿ". ಐನೂರು ಸಲ.

ಪ್ರೆಸ್‌ನವರಿಗೆ ಫೋನ್ ಮಾಡಿದರೆ "ಸರ್, ನಮ್ಮಲ್ಲಿ ಎಲ್ಲರೂ ಹಳೇ ನುಡಿ ಫಾಂಟಲ್ಲೇ ತರೋದು, ನೀವು ಏನೋ ಬೇರೆ ತಂದಿದ್ದೀರಿ" ಅಂದರು, ನಾನು ಕನ್ನಡ ಬಿಟ್ಟು ಇನ್ಯಾವುದೋ ಭಾಷೆಯಲ್ಲಿ ಬರೆದು ಕೊಟ್ಟೆನೇನೋ ಅನ್ನೋ ಹಾಗೆ. ಪಾಪ, ನುಡಿಯಲ್ಲಿ ಅವರೇ ಕೂತು ಮತ್ತೆ ಟೈಪ್ ಮಾಡಿದರು. ಲಕ್ಷಣವಾಗಿ ಬಂತು. ಸರಿ, ಅದನ್ನೇ ಕ್ಯಾಪ್ಷನ್‌ಗೂ ಹಾಕೋಣ ಅಂತ ಕಾಪಿ ಮಾಡಿದೆ ನೋಡಿ, ಇಂಗ್ಲಿಷ್ ಅಕ್ಷರಗಳ ತಲೆ ಮೇಲೆ ಕೊಂಬು, ಬಾಲ, ಚುಕ್ಕೆ ಮೂಡಿದಂಥ ಗೀಚು. ಹಳೇ ಫಾಂಟುಗಳ ಕಥೆ ಗೊತ್ತಲ್ವಾ, ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿರ್ತಾರೆ. ಆ ಫಾಂಟ್ ಇರೋ ಕಂಪ್ಯೂಟರಲ್ಲಿ ಮಾತ್ರ ಅದು ಕನ್ನಡ. ಇನ್‌ಸ್ಟಾಗ್ರಾಂಗೆ ಅದು ಹುಚ್ಚು. ಯಾರಾದರೂ ಉಪ್ಪಿನಕಾಯಿ ಅಂತ ಹುಡುಕಿದರೆ ನಾವು ಸಿಗೋದೇ ಇಲ್ಲ.

ಹಾಗಾಗಿ ಯೂನಿಕೋಡೇ ಬೇಕು, ಅಂದರೆ ಪ್ರತಿ ಅಕ್ಷರಕ್ಕೂ ಎಲ್ಲ ಕಂಪ್ಯೂಟರಲ್ಲೂ ಒಂದೇ ಸಂಖ್ಯೆ ಇರೋ ಪದ್ಧತಿ. ಆದರೆ ಯೂನಿಕೋಡಲ್ಲಿ ಒತ್ತು ಮುರಿಯುತ್ತೆ.

ಇಲ್ಲಿ ಎರಡು ವಾರ ತಪ್ಪು ಬಾವಿಯಲ್ಲಿ ನೀರು ಸೇದಿದೆ. ಫಾಂಟಿನದೇ ದೋಷ ಅಂದುಕೊಂಡು ಬಾಲೂ ತಮ್ಮ ಹಾಕಿದೆ, ಮುರೀತು. ಅನೇಕ್ ಕನ್ನಡ ಹಾಕಿದೆ, ಮುರೀತು. ನೋಟೋ ಸಾನ್ಸ್, ನೋಟೋ ಸೆರಿಫ್, ಟಿರೋ, ಬೆಣ್ಣೆ, ಹುಬ್ಬಳ್ಳಿ, ಒಂದೊಂದೂ ಚೆಂದವಾಗಿ ಮುರೀತು. ಹುಬ್ಬಳ್ಳಿ ಫಾಂಟಲ್ಲಿ ಹುಬ್ಬಳ್ಳಿ ಅಂತಲೇ ಬರೆಯೋಕೆ ಆಗಲಿಲ್ಲ, ಅದಕ್ಕೆ ಎರಡು ಒತ್ತು.

ಆಮೇಲೆ ಹಾಳೆ ತಗೊಂಡು ಪದವನ್ನು ಬಿಡಿಸಿ ಬರೆದೆ. ಕಣ್ಣಿಗೆ ಐದು ಅಕ್ಷರ: ಉ, ಪ್ಪಿ, ನ, ಕಾ, ಯಿ. ಕಂಪ್ಯೂಟರಿಗೆ ಇದು ಹತ್ತು. ಉ, ಪ, ಅರ್ಧಾಕ್ಷರದ ಗುರುತು, ಮತ್ತೊಂದು ಪ, ಗುಡಿಸು, ನ, ಕ, ದೀರ್ಘ, ಯ, ಗುಡಿಸು. ಯೂನಿಕೋಡ್ ಇಷ್ಟನ್ನು ಸಾಲಾಗಿ ಇಟ್ಟುಕೊಳ್ಳುತ್ತೆ, ಅಷ್ಟೇ. ಒತ್ತಿನ ಆಕಾರ ಫಾಂಟ್ ಒಳಗೇ ಇರುತ್ತೆ, ಆದರೆ "ಇಲ್ಲಿ ಎರಡನೇ ಪ ಕೆಳಗಿಳಿಯಲಿ" ಅಂತ ಫಾಂಟನ್ನು ಕೇಳಬೇಕಾದದ್ದು ಸಾಫ್ಟ್‌ವೇರ್. ಬ್ರೌಸರು, ಫೋನಿನ ಮೆಸೇಜ್ ಆ್ಯಪು ಎಲ್ಲ ಕೇಳ್ತಾವೆ. ನನ್ನ ಎಡಿಟಿಂಗ್ ಆ್ಯಪು, ಡಿಸೈನ್ ಸಾಫ್ಟ್‌ವೇರು ಕೇಳ್ತಾನೇ ಇರಲಿಲ್ಲ. ಭರಣಿಯಲ್ಲಿ ಮಿಡಿ, ಉಪ್ಪು, ಸಾಸಿವೆ ಎಲ್ಲ ಇದೆ, ಕಲಸೋರೇ ಇಲ್ಲ.

ಫೋಟೋಶಾಪ್ ಇರೋರಿಗೆ ಸುಲಭ. ಹಳೇ ವರ್ಷನ್ ಆದರೆ ಪ್ರಿಫರೆನ್ಸಸ್‌ನಲ್ಲಿ ಟೈಪ್ ವಿಭಾಗಕ್ಕೆ ಹೋಗಿ ಸೌತ್ ಏಷ್ಯನ್ ಅನ್ನೋ ಆಯ್ಕೆ ಒತ್ತಿ, ಆಮೇಲಿನ ಕೆಲವದರಲ್ಲಿ ಅದರ ಹೆಸರು ವರ್ಲ್ಡ್-ರೆಡಿ, ಈಚಿನವಕ್ಕೆ ಆ ಆಯ್ಕೆಯೇ ಬೇಡ. ನನ್ನ ಹತ್ತಿರ ಅದಿಲ್ಲ, ಬಿಟ್ಟಿ ಸಿಗೋ ಇಂಕ್‌ಸ್ಕೇಪ್ ಅನ್ನೋ ಡಿಸೈನ್ ಸಾಫ್ಟ್‌ವೇರ್ ಇದೆ. ಅದರಲ್ಲಿ ಒತ್ತು ಮೊದಲ ಸಲಕ್ಕೇ ಸರಿಯಾಗಿ ಕೂತಿತು. ಎರಡು ವಾರ ಅದು ಕಂಪ್ಯೂಟರಲ್ಲೇ ಬಿದ್ದಿತ್ತು, ನಾನು ಬಾಟಲಿ ಮುಚ್ಚಳದ ಅಳತೆ ನೋಡೋಕೆ ಮಾತ್ರ ತೆರೀತಿದ್ದೆ!

ಈಗ ಮಾಡೋದು ಹೀಗೆ. ಇಂಕ್‌ಸ್ಕೇಪಲ್ಲಿ ಹೆಸರು ಬರೆದು, ಆಬ್ಜೆಕ್ಟ್ ಟು ಪಾತ್ ಕೊಟ್ಟು ಅಕ್ಷರವನ್ನು ಬರೀ ಗೆರೆ ಮಾಡಿಬಿಡ್ತೀನಿ. ಆಮೇಲೆ ಯಾವ ಮಷಿನಲ್ಲಿ ತೆರೆದರೂ ಅದು ಚಿತ್ರ, ಒತ್ತು ಅಲ್ಲಾಡಲ್ಲ. ಪ್ರೆಸ್‌ಗೆ ಅದರ ಪಿಡಿಎಫ್. ರೀಲಿಗೆ ಹಿನ್ನೆಲೆ ಇಲ್ಲದ ಪಿಎನ್‌ಜಿ, ಆ್ಯಪಲ್ಲಿ ಸ್ಟಿಕ್ಕರ್ ಥರ ಮೇಲೆ ಅಂಟಿಸೋದು. ಕ್ಯಾಪ್ಷನ್ನಲ್ಲಿ ಮಾತ್ರ ನಿಜವಾದ ಅಕ್ಷರ ಟೈಪ್ ಮಾಡ್ತೀನಿ, ಹ್ಯಾಶ್‌ಟ್ಯಾಗೂ ಕನ್ನಡದಲ್ಲೇ, ಹುಡುಕೋರಿಗೆ ಸಿಗಬೇಕಲ್ಲ. ಯೂಸರ್‌ನೇಮ್ ಹೇಗೂ ಇಂಗ್ಲಿಷಲ್ಲೇ ಇರಬೇಕು. ಅಪ್ಪೆಗೆ ಒಂದು ಪಿ ಹಾಕೋದಾ ಎರಡಾ ಅಂತ ಚಿಕ್ಕಿ ಮಗಳ ಜೊತೆ ಆಗಿರೋ ಜಗಳ ಇನ್ನೂ ಮುಗಿದಿಲ್ಲ.

ಲೇಬಲ್ ಕಾಗದ ಈ ಸಲ ಪ್ಲಾಸ್ಟಿಕ್ ಸ್ಟಿಕ್ಕರ್. ಹಿಂದಿನ ಸಲ ಬಾಟಲಿ ಸಪ್ಲೈಯರ್ ಕೊಟ್ಟ ಮುಚ್ಚಳಗಳಲ್ಲಿ ನೂರಕ್ಕೆ ಹತ್ತಾದರೂ ಸಡಿಲವಾಗಿರುತ್ತಿದ್ದವು, ರಸ ಇಳಿದು ಲೇಬಲ್ಲೆಲ್ಲ ಹಪ್ಪಳದ ಹಾಗೆ ಉಬ್ಬಿತ್ತು. ದೂರಿದರೆ "ನೀವು ಜಾಸ್ತಿ ತುಂಬಿಸ್ತೀರಿ" ಅಂತಾರೆ. ಉಪ್ಪಿನಕಾಯಿ ಕಮ್ಮಿ ತುಂಬಿ ಮಾರೋದು ಹೇಗೆ ಅಂತ ಅವರೇ ಚಿಕ್ಕಿಗೆ ಹೇಳಿಕೊಡಲಿ, ನಾನಂತೂ ಹೇಳಲ್ಲ.

ಹಪ್ಪಳ ಅಂದಾಗ ನೆನಪಾಯ್ತು. ಮುಂದೆ ಹಲಸಿನಕಾಯಿ ಹಪ್ಪಳ ಶುರು ಮಾಡೋಣ ಅನ್ನೋದು ಚಿಕ್ಕಿ ಯೋಚನೆ. ಅದರಲ್ಲೂ ಪ್ಪ ಇದೆ! ನನ್ನ ಮನಸ್ಸಿರೋದು ತೊಡೆದೇವು ಅನ್ನೋ ಸಿಹಿತಿಂಡಿಯ ಮೇಲೆ. ಒಂದೂ ಒತ್ತಿಲ್ಲ. ಬೋರಲು ಹಾಕಿದ ಮಡಕೆ, ಕೆಳಗೆ ಬೆಂಕಿ, ಕಬ್ಬಿನಹಾಲಿನಲ್ಲಿ ಕಲಸಿದ ಅಕ್ಕಿಹಿಟ್ಟನ್ನು ಬಟ್ಟೆಯಲ್ಲಿ ಅದ್ದಿ ಮಡಕೆ ಮೇಲೆ ಸರ್ರನೆ ಒಂದೆಳೆತ, ಕಾಗದದಂಥ ಹಾಳೆ ಎದ್ದು ಬರುತ್ತೆ. 20 ಸೆಕೆಂಡಿನ ರೀಲಿಗೆ ಇನ್ನೇನು ಬೇಕು? ತೊಂದರೆ ಒಂದೇ, ಇದರಲ್ಲಿ ಅಕ್ಷರ ಮುರಿಯಲ್ಲ, ಕೊರಿಯರಲ್ಲಿ ತಿಂಡಿಯೇ ಮುರಿಯುತ್ತೆ. ಗಟ್ಟಿ ಡಬ್ಬಿ ಯಾರಾದರೂ ಬಳಸಿದ್ದರೆ ಹೇಳಿ.

ಇವತ್ತು ಬೆಳಿಗ್ಗೆ ಪ್ರೆಸ್‌ನವರಿಗೆ ಹೊಸ ಫೈಲ್ ಕಳಿಸಿದೆ. ಹತ್ತು ನಿಮಿಷಕ್ಕೆ ಫೋನ್.

"ಸರ್, ಇದರಲ್ಲಿ ಅಕ್ಷರ ತಿದ್ದೋಕೇ ಬರ್ತಾ ಇಲ್ಲ."

"ಗೊತ್ತು, ತಿದ್ದಬಾರದು ಅಂತಲೇ ಹಾಗೆ ಮಾಡಿದ್ದು."

"ಸರಿ ಸರ್. ಎಂಆರ್‌ಪಿ ಹೋದ ವರ್ಷದ್ದೇ ಇದೆಯಲ್ಲ, ಇರಲಾ?"